ಗೋಳಿಬಜೆ ಕರಿಯುವ ಹೊತ್ತಿನ ಓಟು

ನನ್ನ ಜೊತೆ ನಿವೃತ್ತರಾದ ಅಧ್ಯಾಪಕರೆಲ್ಲ ಸಿಂಗಪುರಕ್ಕೋ ದುಬೈಗೋ ಹೋಗಿ ಬಂದರು. ಬಂದ ಮೇಲೆ ಅಲ್ಲಿನ ರಸ್ತೆಗಳು ಎಷ್ಟು ಚೊಕ್ಕಟ ಎಂದು ನಮ್ಮೂರಿನ ಪತ್ರಿಕೆಗಳಲ್ಲಿ ಬರೆದರು. ನಾನು ಮುಂಬೈ ಪಕ್ಕದ ಠಾಣೆಗೆ ಹೋಗಿ ಬಂದೆ. ಇದೆಂಥ ವಿದೇಶ ಪ್ರವಾಸ ಎಂದು ರಾಣೇಬೆನ್ನೂರಿನಲ್ಲಿ ನಗುವವರು ನಗಲಿ. ದುಬೈಗೆ ಹೋದವರಿಗೆ ಒಂದು ಕಡೆ ಪಾಸ್‌ಪೋರ್ಟ್ ಕೇಳಿರಬಹುದು. ನನಗೆ ಪ್ರತಿ ಗೇಟಿನಲ್ಲೂ ಹೆಸರು, ಊರು, ಯಾರ ಮನೆಗೆ, ಯಾಕೆ, ಎಷ್ಟು ಹೊತ್ತು ಎಂದು ಕೇಳಿ ಫೋಟೋ ಹಿಡಿದರು. ಅವರ ಮಾತು ನನಗೆ ಅರ್ಥವಾಗಲಿಲ್ಲ, ನನ್ನ ಮಾತು ಅವರಿಗೆ ಅರ್ಥವಾಗಲಿಲ್ಲ. ಪರದೇಶ ಅಂದರೆ ಇನ್ನೇನು?

ಹೋದದ್ದು ಪಾಠ ಮಾಡಲು. ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವಳು ನಾನು. ಠಾಣೆಯ ಒಂದು ಕನ್ನಡ ಸಂಘದವರಿಗೆ ಯಾರೋ ನನ್ನ ಹೆಸರು ಹೇಳಿದ್ದರು. ಆ ಕಡೆಯ ಕನ್ನಡ ಮಕ್ಕಳಿಗೆ ಓಟಿನ ಹಕ್ಕಿನ ಚರಿತ್ರೆ ತಿಳಿಸಬೇಕು, ಅದೂ ಮುಖ್ಯವಾಗಿ ಯಾರ್ಯಾರಿಗೆ ಯಾವ್ಯಾವ ನೆಪದಲ್ಲಿ ಓಟು ತಪ್ಪಿಸಿದರು ಎಂಬ ಕಥೆ ಹೇಳಬೇಕು, ಒಂದು ವಾರ ಬನ್ನಿ ಎಂದರು. ವಿಷಯ ನನಗೆ ಪ್ರಾಣ. ಕೂಡಲೇ ಒಪ್ಪಿದೆ. ಒಪ್ಪುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು.

ಕಲ್ಯಾಣ

ಬೆಳಿಗ್ಗೆ ಕಲ್ಯಾಣದಲ್ಲಿ ಇಳಿದೆ. ಸಂಘದ ಕಾರ್ಯದರ್ಶಿ ಭುಜಂಗಣ್ಣ ಹಾರ ಹಿಡಿದುಕೊಂಡು ನಿಂತಿದ್ದರು. ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಹೋಟೆಲು ಇಟ್ಟವರು, ಮಾತು ತುಂಬ ಮೃದು. ಅಷ್ಟು ಮೃದುವಾಗಿ ಮಾತಾಡುವವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂದು ಆ ವಾರವಿಡೀ ಅನುಭವಿಸಿದೆ.

"ಕಾರು ಬೇಡ ಮೇಡಂ. ಕಾರಲ್ಲಿ ಹೋದ್ರೆ ಮಧ್ಯಾಹ್ನ ಆಗ್ತದೆ. ಲೋಕಲ್‌ನಲ್ಲಿ ಹೋಗುವ. ನೀವು ಲೇಡೀಸ್ ಡಬ್ಬಕ್ಕೆ ಹತ್ತಿ, ನಾನು ಪಕ್ಕದ್ದಕ್ಕೆ ಹತ್ತುತ್ತೇನೆ. ಡೊಂಬಿವಲಿಯಲ್ಲಿ ಇಳಿದ್ರೆ ಆಯ್ತು. ಸ್ವಲ್ಪ ಎಡ್ಜಸ್ಟ್ ಮಾಡ್ಬೇಕು ಅಷ್ಟೇ" ಎಂದರು.

ಹತ್ತಿದೆ ಎನ್ನುವುದಕ್ಕಿಂತ ಹಿಂದಿನವರು ನನ್ನನ್ನು ಹತ್ತಿಸಿದರು. ಹೇಗೋ ಒಂದು ಸೀಟಿನ ತುದಿ ಸಿಕ್ಕಿತು. ಕೂತೊಡನೆ ಎದುರು ನಿಂತಿದ್ದ ಹೆಂಗಸು ನಗುತ್ತ "ಕಹಾಂ ಉತರೇಂಗೇ?" ಎಂದಳು. ಎಲ್ಲಿ ಇಳಿಯುತ್ತೀರಿ ಎಂದು. ನಮ್ಮ ಬಸ್ಸುಗಳಲ್ಲಿ ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಅದು ಮಾತಿನ ಶುರು. ಆಮೇಲೆ ಮಕ್ಕಳೆಷ್ಟು, ಮೊಣಕಾಲು ನೋವಿಗೆ ಯಾವ ಎಣ್ಣೆ ಎನ್ನುವ ತನಕ ಹೋಗುತ್ತದೆ. ನಾನೂ ನನ್ನ ಹರಕು ಹಿಂದಿಯಲ್ಲಿ ಊರು, ಕೆಲಸ, ಬಂದ ಕಾರಣ, ಓಟಿನ ಹಕ್ಕು ಎಲ್ಲವನ್ನೂ ಹೇಳತೊಡಗಿದೆ. ಅವಳ ಮುಖದ ನಗು ಇಳಿಯುತ್ತ ಹೋಯಿತು. ಪಕ್ಕದವಳು ನನ್ನ ಮಾತು ತುಂಡರಿಸಿ "ಸ್ಟೇಷನ್, ಸ್ಟೇಷನ್" ಎಂದಳು. ಡೊಂಬಿವಲಿ ಎಂದೆ. ತಕ್ಷಣ ಮೊದಲು ಕೇಳಿದ ಹೆಂಗಸು ಇನ್ನೂ ಹತ್ತಿರ ಬಂದು ಗೂಟ ಹೊಡೆದಂತೆ ನಿಂತಳು. ಆಕೆಗೆ ಬೇಕಿದ್ದದ್ದು ನನ್ನ ಕಥೆಯಲ್ಲ, ನಾನು ಎದ್ದ ಮೇಲಿನ ಸೀಟು.

ಡೊಂಬಿವಲಿ ಬಂತು. ನಾನು ಎದ್ದೆ, ಆಕೆ ಕೂತಳು. ಅಷ್ಟರಲ್ಲಿ ಬಾಗಿಲಿನಿಂದ ಒಳಗೆ ನುಗ್ಗಿದ ಜನ ನನ್ನನ್ನು ಚಾರ್ಟುಗಳ ಚೀಲದ ಸಮೇತ ಎದುರು ಬಾಗಿಲಿನವರೆಗೆ ಒಯ್ದರು. ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಹಾರ ಹಿಡಿದ ಭುಜಂಗಣ್ಣ ಹಿಂದಕ್ಕೆ ಸರಿಯುತ್ತಿದ್ದುದು ಕಾಣಿಸಿತು. ಇಳಿದದ್ದು ಠಾಣೆಯಲ್ಲಿ. ಅಲ್ಲಿಂದ ಮತ್ತೆ ಡೊಂಬಿವಲಿಗೆ. ಊರಿನಲ್ಲಿ ಇಷ್ಟು ಜನ ನನ್ನ ಮೈಮೇಲೆ ಬಿದ್ದಿದ್ದರೆ ಪೊಲೀಸ್ ಠಾಣೆಗೆ ಹೋಗುತ್ತಿದ್ದೆ.

ಡೊಂಬಿವಲಿ

ಭುಜಂಗಣ್ಣನ ಹೆಂಡತಿ ಸುಮತಿಯಕ್ಕ ಬಾಗಿಲು ತೆರೆದವರೇ "ಇವರಿಗೆ ಬುದ್ಧಿ ಉಂಟಾ? ಹೊಸಬರನ್ನು ಆ ಟ್ರೈನಿಗೆ ಹತ್ತಿಸುದಾ?" ಎಂದು ಗಂಡನನ್ನು ಬೈದರು. ಆಮೇಲೆ ಗಂಡ ಹೆಂಡತಿ ತುಳುವಿನಲ್ಲಿ ಜಗಳ ಮುಂದುವರಿಸಿದರು. ನನಗೆ ಒಂದಕ್ಷರವೂ ತಿಳಿಯಲಿಲ್ಲವಾದರೂ ಯಾರು ಗೆದ್ದರು ಎಂದು ತಿಳಿಯಿತು. ಸುಮತಿಯಕ್ಕನ ಮೇಲೆ ಅಲ್ಲೇ ಪ್ರೀತಿ ಬಂತು.

ಮಧ್ಯಾಹ್ನ ಊಟ ಮಾಡುತ್ತ ಭುಜಂಗಣ್ಣ ವಾರದ ಏರ್ಪಾಡು ಹೇಳಿದರು. ಠಾಣೆಯಲ್ಲಿ ಸಂಘದ ಹಾಲ್‌ನಲ್ಲಿ ಪಾಠ, ಘೋಡಬಂದರ್ ರಸ್ತೆಯ ಒಂದು ಫ್ಲ್ಯಾಟುಗಳ ಸೊಸೈಟಿಯಲ್ಲಿ ಪಾಠ, ಕಾಮೋಠೆಯಲ್ಲಿ ಸನ್ಮಾನ. ಕಾಮೋಠೆಯಲ್ಲಿ ಪಾಠ ಇಲ್ಲವೇ ಎಂದು ಕೇಳಿದೆ. "ಅಲ್ಲಿ ಮಕ್ಕಳು ಸಿಗುದು ಕಷ್ಟ ಮೇಡಂ. ಆದ್ರೆ ಅಲ್ಲಿನವರಿಗೆ ಸನ್ಮಾನ ಮಾಡ್ಬೇಕು ಅಂತ ತುಂಬ ಆಸೆ" ಎಂದರು. ಆದಿತ್ಯವಾರ ಸಂಘದ ಮಹಾಸಭೆ, ಅದರಲ್ಲೂ ನಾನು ಎರಡು ಮಾತಾಡಬೇಕಂತೆ.

"ನಮ್ಮ ಸಂಘ ತುಂಬ ಮುಂದುವರಿದದ್ದು ಮೇಡಂ. ಶುರುವಿನಿಂದಲೇ ಗಂಡ ಹೆಂಡತಿ ಇಬ್ಬರಿಗೂ ಬೇರೆ ಬೇರೆ ಓಟು. ಬೇರೆ ಸಂಘಗಳಲ್ಲಿ ಮನೆಗೆ ಒಂದೇ. ನೀವು ಭಾಷಣದಲ್ಲಿ ಅದನ್ನೊಂದು ಹೇಳ್ಬೇಕು."

ಹೇಳುತ್ತೇನೆ ಎಂದೆ. ನಿಜಕ್ಕೂ ಖುಷಿಯಾಗಿತ್ತು. ಸುಮತಿಯಕ್ಕ ಮಾತ್ರ ಸಾರಿನ ಪಾತ್ರೆ ಹಿಡಿದು ಅಡುಗೆಮನೆಗೆ ಹೋದರು.

ಠಾಣೆ

ಸಂಘದ ಹಾಲ್ ಸ್ಟೇಷನ್ನಿಂದ ಅಷ್ಟೇನೂ ದೂರವಿಲ್ಲ. ಮೇಲೆ ಫ್ಯಾನುಗಳು, ಒಂದು ಬದಿಗೆ ಪುಟ್ಟ ವೇದಿಕೆ, ಹಿಂದೆ ಅಡುಗೆಮನೆ. ಗೋಡೆಯುದ್ದಕ್ಕೂ ಹಿಂದಿನ ಅಧ್ಯಕ್ಷರ ಫೋಟೋಗಳು. ಮಕ್ಕಳು ನಾನು ಬರುವ ಮೊದಲೇ ಬಂದು ಕೂತಿದ್ದರು. ಪಾಠ ಶುರುವಾಗಲಿಲ್ಲ. ಸ್ವಾಗತ, ಪ್ರಾರ್ಥನೆ, ಪ್ರಾಸ್ತಾವಿಕ, ಶಾಲು, ಹಾರ, ಹಣ್ಣಿನ ಬುಟ್ಟಿ, ಫೋಟೋ, ಫೋಟೋದಲ್ಲಿ ಬಾರದವರಿಗಾಗಿ ಇನ್ನೊಮ್ಮೆ ಶಾಲು, ಆಮೇಲೆ ಚಾ. ಎಲ್ಲ ಮುಗಿದು ನಾನು ಬಾಯಿ ತೆರೆದಾಗ ಅರ್ಧ ಮಕ್ಕಳು ಟ್ಯೂಷನ್ನಿಗೆ ಹೊತ್ತಾಯಿತು ಎಂದು ಎದ್ದಿದ್ದರು. ನನಗೆ ಅಳು ಬರುವುದೊಂದು ಬಾಕಿ.

ಉಳಿದವರಿಗೆ ಹೇಳಿದೆ. ಬ್ರಿಟಿಷರ ಕಾಲದಲ್ಲಿ ನಮ್ಮಲ್ಲಿ ಓಟು ಎಲ್ಲರದ್ದಾಗಿರಲಿಲ್ಲ. ಆಸ್ತಿ ಇದ್ದವನಿಗೆ, ತೆರಿಗೆ ಕಟ್ಟಿದವನಿಗೆ, ಓದಿದವನಿಗೆ ಮಾತ್ರ. ಎಷ್ಟೋ ಹೆಂಗಸರಿಗೆ ಸಿಕ್ಕರೂ ಗಂಡನ ಆಸ್ತಿಯ ಲೆಕ್ಕದಲ್ಲಿ. ಸ್ವತಂತ್ರ ದೇಶದ ಮೊದಲ ಚುನಾವಣೆಗೆ ಹೆಸರು ಬರೆದುಕೊಳ್ಳಲು ಮನೆಮನೆಗೆ ಹೋದಾಗ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲೇ ಇಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಹಾಗೆ ಬರೆಸಿದ ಎಷ್ಟೋ ಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಬೇಕಾಯಿತು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರಿಗೆ ಕಾನೂನಿನಲ್ಲಿ ಓಟಿತ್ತು. ಆದರೆ ಹೆಸರು ನೋಂದಾಯಿಸಲು ಹೋದರೆ ಪರೀಕ್ಷೆ. ಒಂದು ಸೋಪಿನಿಂದ ಎಷ್ಟು ಗುಳ್ಳೆ ಏಳುತ್ತವೆ ಹೇಳು ಎಂದು ಕೇಳುತ್ತಿದ್ದರಂತೆ. ಹೇಳಲಾಗದಿದ್ದರೆ ನಡಿ ಮನೆಗೆ.

"ಓಟು ಕಿತ್ತುಕೊಳ್ಳುವವನು 'ನಿನಗೆ ಓಟಿಲ್ಲ' ಅಂತ ಯಾವತ್ತೂ ಹೇಳೋದಿಲ್ಲ" ಎಂದೆ. "'ನಿನಗೂ ಐತಿ, ಆದರ...' ಅಂತಾನ. ಆ 'ಆದರ' ಹುಡುಕೋದೇ ನಮ್ಮ ಪಾಠ."

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಪೂರ್ತಿ ಹೊತ್ತು ಕಣ್ಣು ಮಿಟುಕಿಸದೆ ಕೇಳಿದಳು. ಎಲ್ಲರೂ ಹೋದ ಮೇಲೂ ಅವಳು ಹೋಗಲಿಲ್ಲ. ಮೂಲೆಯಲ್ಲಿ ಚಾಪೆ ಹಾಸಿ ಪುಸ್ತಕ ತೆಗೆದಳು. ಹೆಸರು ರೇಣುಕಾ, ಹನ್ನೆರಡನೆಯ ತರಗತಿ. ರಾಯಚೂರು ಜಿಲ್ಲೆಯವರು, ಮನೆ ರಬಾಳೆಯಲ್ಲಿ. ಅವಳ ತಾಯಿ ಈ ಹಾಲ್ ಗುಡಿಸಿ ಒರೆಸುವವಳು, ಸಭೆ ಇದ್ದಾಗ ಪಾತ್ರೆ ತೊಳೆಯುವವಳು.

"ಮನ್ಯಾಗ ಓದಾಕ ಆಗಂಗಿಲ್ರಿ ಅಕ್ಕೋರ" ಎಂದಳು. "ಒಂದs ಖೋಲಿ. ಅಪ್ಪಂದು ರಾತ್ರಿ ಪಾಳಿ, ಹಗಲೆಲ್ಲ ಮಲಗಿರ್ತಾನ. ಲೈಟ್ ಹಾಕಂಗಿಲ್ಲ, ಬಾಯಿ ಬಿಡಂಗಿಲ್ಲ. ಅದಕ್ಕ ನಾನು, ಇನ್ನೊಂದು ನಾಕು ಮಂದಿ ನಮ್ಮ ಗಲ್ಲಿಯವರು ಇಲ್ಲಿಗೆ ಬರ್ತೀವ್ರಿ. ಮೂರು ಸ್ಟೇಷನ್ ಅಷ್ಟ. ಆದ್ರ ಇನ್ನ ಮ್ಯಾಲ ಇಲ್ರಿ."

"ಯಾಕವಾ?"

"ರವಿವಾರ ಮೀಟಿಂಗ್‌ನ್ಯಾಗ ಪಾಸ್ ಮಾಡ್ತಾರಂತ. ಹಾಲ್‌ಗೆ ಎಸಿ ಹಾಕಿ ದಿನಾ ಪಾರ್ಟಿಗೆ ಬಾಡಿಗಿ ಕೊಡ್ತಾರಂತ. ನಮಗ ಬೋರ್ಡ್ ಪರೀಕ್ಷೆ ಎದುರಿಗೆ ಐತಿ."

ಭುಜಂಗಣ್ಣನನ್ನು ಕೇಳಿದೆ. ಹೌದು ಮೇಡಂ, ಮಕ್ಕಳದ್ದು ಪಾಪವೇ, ಆದರೆ ಎಂತ ಮಾಡುದು, ಮೆಜಾರಿಟಿ ಹೇಳಿದ ಹಾಗೆ ಎಂದರು. ಅವರ ದನಿಯಲ್ಲಿ ನಿಜವಾದ ಮರುಕವಿತ್ತು. ಮರುಕದಿಂದ ಏನೂ ಆಗುವುದಿಲ್ಲ ಎನ್ನುವುದು ಬೇರೆ ಮಾತು.

ಘೋಡಬಂದರ್ ರಸ್ತೆ

ಈ ಸೊಸೈಟಿಯ ಗೇಟನ್ನು ದಾಟಿದ್ದೇ ಒಂದು ಕಥೆ. ಕಾವಲುಗಾರ ನನ್ನ ಫೋಟೋ ತೆಗೆದ, ಮೊಬೈಲ್ ನಂಬರ್ ಕೇಳಿದ. ಯಾರದೋ ಫೋನಿಗೆ ಏನೋ ಹೋಗಿ, ಅವರು ಒಪ್ಪಿದ ಮೇಲೆ ನನ್ನನ್ನು ಬಿಡಬೇಕಂತೆ. ಅವರು ಮೀಟಿಂಗಿನಲ್ಲಿದ್ದರು. ಬಿಸಿಲಿನಲ್ಲಿ ಚಾರ್ಟುಗಳನ್ನು ತಲೆಯ ಮೇಲೆ ಹಿಡಿದು ನಿಂತೆ. ನನ್ನ ಕಣ್ಣೆದುರೇ ಒಂದು ಪಿಜ್ಜಾ ಸಲೀಸಾಗಿ ಒಳಗೆ ಹೋಯಿತು. ನಮ್ಮ ಊರಿನಲ್ಲಿ ಅಪರಿಚಿತರು ಬಂದರೆ ನೀರು ಕೊಟ್ಟು ಆಮೇಲೆ ಯಾರು ಎಂದು ಕೇಳುತ್ತೇವೆ.

ಒಳಗೆ ಕ್ಲಬ್‌ಹೌಸಿನಲ್ಲಿ ಮಕ್ಕಳು. ಎಲ್ಲರೂ ಮಂಗಳೂರು, ಉಡುಪಿ ಕಡೆಯ ಮನೆಗಳವರು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಗೋಡೆಗೆ ಚೆಂಡು ಎಸೆದರೆ ಬೇರೆ ಬಣ್ಣದ ಚೆಂಡು ವಾಪಸ್ಸು ಬಂದ ಹಾಗೆ. ಪ್ರಥಮ್ ಎಂಬ ಒಬ್ಬ ಕಾಲೇಜು ಹುಡುಗ ಎಲ್ಲಕ್ಕೂ ಮುಂದು.

ಅಮೆರಿಕದ ಪರೀಕ್ಷೆ ಹೇಗಿತ್ತೆಂದು ತೋರಿಸಲು ನಾನು ಹಳಗನ್ನಡದ ಧಾಟಿಯಲ್ಲಿ ಒಂದು ಸಾಲು ಕಟ್ಟಿ ಬೋರ್ಡಿನ ಮೇಲೆ ಬರೆದೆ. ಓದಿ ಅರ್ಥ ಹೇಳಿದವರಿಗೆ ಓಟು, ಉಳಿದವರಿಗಿಲ್ಲ ಎಂದೆ. ಯಾರಿಗೂ ಓದಲಾಗಲಿಲ್ಲ. ಪ್ರಥಮ್ ಎದ್ದು "ಟೀಚರ್, ಯೇ ತೋ ಅನ್‌ಫೇರ್ ಹೈ. ಹಮ್ಕೋ ಕಿಸೀನೇ ಸಿಖಾಯಾ ಹೀ ನಹೀಂ" ಎಂದ. ನಮಗೆ ಯಾರೂ ಕಲಿಸಲೇ ಇಲ್ಲ, ಇದು ಅನ್ಯಾಯ ಎಂದು. ಅವರನ್ನೂ ಶಾಲೆಯಿಂದ ಹೊರಗಿಟ್ಟು ಆಮೇಲೆ ಪರೀಕ್ಷೆಗೆ ಕರೆದರಪ್ಪ, ಅದೇ ಕಥೆ ಎಂದೆ. ಆ ವಾರದಲ್ಲಿ ಮೊದಲ ಬಾರಿಗೆ ನನ್ನ ಪಾಠ ಯಾರಿಗೋ ತಾಗಿತು.

ಆಸ್ತಿ ಇದ್ದವನಿಗಷ್ಟೇ ಓಟು ಎಂದದ್ದಕ್ಕೆ ಅವನಿಗೆ ನಗು ಬಂತು. ಟೀಚರ್, ನಮ್ಮ ಸೊಸೈಟಿಯಲ್ಲಿ ಈಗಲೂ ಹಾಗೇ ಇದೆ ಎಂದು ಹಿಂದಿಯಲ್ಲಿ ವಿವರಿಸಿದ. ಫ್ಲ್ಯಾಟಿನ ಕಾಗದದಲ್ಲಿ ಯಾರ ಹೆಸರು ಮೊದಲಿದೆಯೋ ಅವರದೇ ಓಟು. ಅವನ ಮನೆಯಲ್ಲಿ ಪಪ್ಪನ ಹೆಸರು ಮೊದಲು. ಪಪ್ಪ ಇರುವುದು ಮಸ್ಕತ್‌ನಲ್ಲಿ. ಲಿಫ್ಟು ಕೆಟ್ಟರೆ ಹತ್ತಿ ಇಳಿಯುವುದು ಮಮ್ಮಿ. ಬಾಡಿಗೆಯವರಿಗಂತೂ ಸಭೆಯಲ್ಲಿ ಕುರ್ಚಿಯೂ ಇಲ್ಲ.

ಸಂತೋಷದಿಂದ ನಾನು ಎಲ್ಲ ಮಕ್ಕಳಿಗೂ ಮನೆಗೆಲಸ ಕೊಟ್ಟೆ. ನಿಮ್ಮ ಸುತ್ತಮುತ್ತ ಓಟು ಇದ್ದೂ ಹಾಕದವರನ್ನು ಹುಡುಕಿ. ಯಾಕೆ ಹಾಕಲಿಲ್ಲ ಕೇಳಿ. ಆ 'ಆದರ' ಏನು ಎಂದು ತನ್ನಿ. ರೇಣುಕಾಳಿಗೂ ಫೋನಿನಲ್ಲಿ ಇದನ್ನೇ ಹೇಳಿದೆ.

ಮಕ್ಕಳ ಪ್ರಶ್ನೆ ಕೇಳಲು ಹೊತ್ತು ಸಿಗಲಿಲ್ಲ. ಮತ್ತೆ ಶಾಲು ಬಂತು.

ರಬಾಳೆ

ರಬಾಳೆ ಸಂಘದ ಏರ್ಪಾಡಿನಲ್ಲಿ ಇರಲಿಲ್ಲ. ನಾನೇ ಹಟ ಹಿಡಿದೆ. ಅದೇ ದಿನ ಕಾಮೋಠೆಯ ಸನ್ಮಾನವಿತ್ತು. ನಾನು ಕಾಮೋಠೆಗೆ ಬರುವುದಿಲ್ಲ ಎಂದಾಗ ಭುಜಂಗಣ್ಣನ ಮುಖ ಬಾಡಿತು. "ಶಾಲು ತಂದಾಗಿದೆ ಮೇಡಂ" ಎಂದರು. ಚೀಲದಲ್ಲಿದ್ದ ಒಂದನ್ನು ತೆಗೆದುಕೊಟ್ಟು ಇದನ್ನೂ ಅವರಿಗೇ ಹೊದಿಸಿ ಬನ್ನಿ ಎಂದೆ. ಒರಟಾಗಿ ಹೇಳಿದೆನೇನೋ, ಆದರೆ ಅಷ್ಟು ಹೊತ್ತಿಗೆ ನನ್ನ ತಾಳ್ಮೆ ಮುಗಿದಿತ್ತು.

ಕಾರ್ಖಾನೆಗಳ ಗೋಡೆಗಳ ನಡುವೆ ಹೋಗುವ ದಾರಿ. ಲಾರಿಗಳ ಧೂಳು. ಅದರಾಚೆ ಗಲ್ಲಿಯೊಳಗೆ ಹೊಕ್ಕರೆ ಬಾಗಿಲು ಬಾಗಿಲಿನಲ್ಲಿ ನಮ್ಮ ಕಡೆಯ ಮಾತು ಕೇಳಿ ಎದೆ ಹಗುರಾಯಿತು. ರೇಣುಕಾಳ ಅಪ್ಪ ದೇವಪ್ಪ ಗೋದಾಮಿನಲ್ಲಿ ಮಾಲು ಹೊರುವವರು. ನನಗಾಗಿ ನಿದ್ದೆ ಬಿಟ್ಟು ಕೂತಿದ್ದರು. ಮಗಳು ಮನೆಗೆಲಸವನ್ನು ಅಪ್ಪನಿಂದಲೇ ಶುರು ಮಾಡಿದ್ದಳು.

"ಓಟು ಊರಾಗ ಐತ್ರಿ, ನಾವು ಇಲ್ಲಿ ಅದೀವಿ" ಎಂದರು ದೇವಪ್ಪ. "ಒಂದ್ಸಲ ಹೋಗಿದ್ದೆ ಓಟು ಹಾಕಾಕ. ಬರೋದ್ರಾಗ ನನ್ನ ಜಾಗಾದಾಗ ಬ್ಯಾರೇದಾಂವ ಮಾಲು ಹೊರಾಕತ್ತಿದ್ದ. ಮತ್ತ ಹೋಗಲಿಲ್ರಿ."

"ಇಲ್ಲೇ ಹೆಸರು ಹಚ್ಚಸರಿ."

"ಮನಿ ಮಾಲಕ ಬಾಡಿಗಿ ಕಾಗದ ಮಾಡಿಕೊಡಂಗಿಲ್ರಿ. ಕೊಟ್ಟರ ಖೋಲಿ ನಂದಂತೀನಿ ಅಂತ ಅವಗ ಹೆದರಿಕಿ."

ಬೇರೆ ಪುರಾವೆಯಿಂದಲೂ ಮಾಡಿಸಬಹುದು ಎಂದು ಹೇಳಿದೆ. ಮಾಡಿಸ್ತೀನ್ರಿ ಎಂದರು. ಅವರು ಮಾಡಿಸುವುದಿಲ್ಲ ಎಂದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಾಯಿತು. ಆಮೇಲೆ ಅವರು ಗೋಡೆಗೆ ಮುಖ ಮಾಡಿ ಮಲಗಿದರು. ನಾವು ಹೊರಗಿನ ಕಟ್ಟೆಯ ಮೇಲೆ ಕೂತು ಪಿಸುಮಾತಿನಲ್ಲಿ ಮಾತಾಡಿದೆವು.

"ಅಕ್ಕೋರ, ಇನ್ನೊಂದು ಉತ್ತರ ಐತ್ರಿ. ಸಂಘದ ಹೆಣ್ಮಕ್ಕಳು" ಎಂದಳು ರೇಣುಕಾ.

"ಅವರಿಗೆ ಓಟು ಐತೆಲ್ಲ! ಭುಜಂಗಣ್ಣನೇ ಹೇಳಿದರು."

"ಐತ್ರಿ. ಆದ್ರ ಒಮ್ಮೆನೂ ಹಾಕಿಲ್ಲ. ಅವ್ವನ ಜೋಡಿ ನಾನೂ ಪಾತ್ರಿ ತೊಳಿಯಾಕ ಹೋಗಿರ್ತೀನಿ, ನೋಡೀನಿ. ಮೀಟಿಂಗ್‌ನ್ಯಾಗ ಮೊದಲ ಭಾಷಣ, ಕಡೀಕ ಕೈ ಎತ್ತಸೋದು, ಅದು ಮುಗಿದ ಕೂಡ್ಲೆ ಚಾ, ಗೋಳಿಬಜಿ. ಗೋಳಿಬಜಿ ಬಿಸಿ ಬಿಸಿ ಬೇಕಂತ. ಅದಕ್ಕ ಕೈ ಎತ್ತೋ ಹೊತ್ತಿಗೆ ಎಲ್ಲಾ ಆಂಟಿಗಳು ಒಳಗ ಕರೀತಿರ್ತಾರ."

ಸೋಪಿನ ಗುಳ್ಳೆ ಎಣಿಸುವ ಕಥೆಯನ್ನು ಅಷ್ಟು ದೂರದಿಂದ ಹೊತ್ತು ತಂದು ಹೇಳಿದ್ದೆ. ಇಲ್ಲಿ ಎಣ್ಣೆಯಲ್ಲೇ ಗುಳ್ಳೆ ಏಳುತ್ತಿತ್ತು.

ಸಂಜೆ ಡೊಂಬಿವಲಿಯಲ್ಲಿ ಸುಮತಿಯಕ್ಕನನ್ನು ಕೇಳಿದೆ. ಅವರು ನಕ್ಕರು. "ಹೌದು, ನಾವು ಒಳಗೆ ಅಲ್ವಾ ಆಗ. ಹೊರಗೆ ಚಪ್ಪಾಳೆ ಕೇಳಿದ್ರೆ ಎಂತದೋ ಪಾಸಾಯ್ತು ಅಂತ ಗೊತ್ತಾಗ್ತದೆ. ಕೂಡಲೇ ಚಾಕ್ಕೆ ಹಾಲು ಹಾಕುದು."

ಭುಜಂಗಣ್ಣನಿಗೆ ಮಾತ್ರ ಬೇಸರವಾಯಿತು. "ಯಾರು ತಡೆದದ್ದು ಮೇಡಂ? ಬಾಗಿಲಿಗೆ ಚಿಲಕ ಹಾಕಿದ್ದೇವಾ ನಾವು? ಗೋಳಿಬಜೆ ತಣಿದ್ರೆ ರಬ್ಬರ್ ಆಗ್ತದೆ, ಬಿಸಿ ಇರುವಾಗಲೇ ಕೊಡ್ಬೇಕು, ಅಷ್ಟೇ ವಿಷಯ" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಲೆ ಚಚ್ಚಿಕೊಳ್ಳುವ ಹಾಗೆ ಮಾಡಿದ್ದು. ಬೇಕೆಂದು ಮಾಡಿದವರ ಜೊತೆ ಜಗಳವಾಡಬಹುದು. ತಿಂಡಿಯ ಬಿಸಿಗಾಗಿ ಮಾಡಿದವರ ಜೊತೆ ಏನೆಂದು ಜಗಳವಾಡುವುದು?

ಮತ್ತೆ ಠಾಣೆ

ಆದಿತ್ಯವಾರ ಹಾಲ್ ತುಂಬಿತ್ತು. ಮುಂದೆ ಕುರ್ಚಿಗಳಲ್ಲಿ ಗಂಡಸರು. ಹೆಚ್ಚಿನವರು ಹೋಟೆಲಿನವರು. ಬೆಳಗಾದರೆ ಇಡೀ ಠಾಣೆ, ಡೊಂಬಿವಲಿ, ಕಲ್ಯಾಣಕ್ಕೆ ಇಡ್ಲಿ, ವಡೆ, ಬಜೆ ಮಾಡಿ ಬಡಿಸುವ ಮಂದಿ. ಸಂಘದ ಸಭೆಯಲ್ಲಿ ಮಾತ್ರ ಅವರಲ್ಲಿ ಒಬ್ಬರಿಗೂ ಒಂದು ಬಜೆ ಕರಿಯಲು ಬರುವುದಿಲ್ಲ. ಇದನ್ನು ನಾನು ನನ್ನ ಎರಡು ಮಾತಿನಲ್ಲಿ ಹೇಳಿದೆ. ಎಲ್ಲರೂ ಜೋರಾಗಿ ನಕ್ಕರು, ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು. ಯಾರೂ ಎದ್ದು ಅಡುಗೆಮನೆಗೆ ಹೋಗಲಿಲ್ಲ.

ವರದಿ, ವಂದನೆ, ಇನ್ನೊಂದು ವರದಿ. ಒಬ್ಬೊಬ್ಬರಾಗಿ ಹೆಂಗಸರು ಹಿಂದಿನಿಂದ ಎದ್ದು ಒಳಗೆ ಹೋದರು. ಎಣ್ಣೆ ಕಾದ ವಾಸನೆ ಬಂತು. ಭುಜಂಗಣ್ಣ ಮೈಕು ಹಿಡಿದು "ಕೊನೆಯದಾಗಿ ಒಂದು ನಿರ್ಣಯ" ಎಂದರು. ಮೂಲೆಯಲ್ಲಿ ನಿಂತಿದ್ದ ರೇಣುಕಾ ನನ್ನ ಕಡೆ ನೋಡಿದಳು. ಮೊದಲೇ ಮಾತಾಡಿಕೊಂಡಂತೆ ನಾನು ತಲೆಯಾಡಿಸಿದೆ. ಅವಳು ಅಡುಗೆಮನೆಗೆ ಹೋದಳು, ಹಿಂದೆಯೇ ನಾನೂ.

"ಆಂಟಿ, ಓಟು ಬಂತ್ರಿ. ಹೊರಗ ಬರ್ರಿ" ಎಂದಳು. ಪಾತ್ರೆ ಉಜ್ಜುತ್ತಿದ್ದ ತಾಯಿ ಗಾಬರಿಯಿಂದ ಮಗಳ ದುಪಟ್ಟಾ ಜಗ್ಗಿದಳು. ಈ ಮಾತಿನಿಂದ ತನ್ನ ಕೆಲಸ ಹೋದೀತು ಎಂಬ ಹೆದರಿಕೆ ಆಕೆಗೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಕೆಲವರು ಕೈ ಒರೆಸಿಕೊಂಡರು. ಸುಮತಿಯಕ್ಕ ಬಾಣಲೆಯ ಮುಂದೆ ಇದ್ದರು. "ನಾನು ಹೇಗೆ ಬರುದು ಮಗಾ? ಎಣ್ಣೆ ಬಿಟ್ಟು ಬರ್ಲಿಕ್ಕೆ ಆಗ್ತದಾ?"

"ನನಗ ಇಲ್ಲಿ ಓಟಿಲ್ಲ. ಆ ಜಾಲರಿ ಸೌಟು ಇಲ್ಲಿ ಕೊಡ್ರಿ" ಎಂದೆ.

ಅವರು ಒಂದು ಕ್ಷಣ ನನ್ನನ್ನು ನೋಡಿ, ಸೌಟು ನನ್ನ ಕೈಗಿಟ್ಟು, ಸೆರಗು ಸರಿಮಾಡಿಕೊಂಡು ಹೊರನಡೆದರು. ಅವರ ಹಿಂದೆ ಎಲ್ಲರೂ.

ನಾನು ಗೋಳಿಬಜೆ ಮಾಡಿದವಳಲ್ಲ. ನಮ್ಮ ಕಡೆ ಮಿರ್ಚಿ, ಮಂಡಕ್ಕಿ. ಆ ಹಿಟ್ಟು ಕೈಗೆ ಅಂಟಿದರೆ ಬಿಡುವುದಿಲ್ಲ, ಬಿಟ್ಟರೆ ಗುಂಡಗೆ ಬೀಳುವುದಿಲ್ಲ. ನನ್ನ ಕೈಯಿಂದ ಬಿದ್ದದ್ದಕ್ಕೆಲ್ಲ ಬಾಲ ಇತ್ತು. ಹೊರಗೆ ಕುರ್ಚಿಗಳ ಸದ್ದು, ಗುಜುಗುಜು, "ಎಂತ ಆಯ್ತು, ಚಾ ಬಂತಾ?" ಎನ್ನುವ ಯಾರದೋ ದನಿ. ಆಮೇಲೆ ಭುಜಂಗಣ್ಣ "ಪರವಾಗಿ ಇರುವವರು ಕೈ ಎತ್ತಿ" ಎಂದರು. ಕೈ ಎತ್ತುವುದಕ್ಕೆ ಸದ್ದಿಲ್ಲ. ಅಷ್ಟು ದೂರದಿಂದ ಓಟಿನ ಪಾಠ ಹೇಳಲು ಬಂದವಳು ಓಟು ನಡೆಯುವಾಗ ಬಾಣಲೆ ನೋಡುತ್ತ ನಿಂತಿದ್ದೆ. ಕೊನೆಗೆ ಚಪ್ಪಾಳೆ ಕೇಳಿಸಿತು. ಎಂತದೋ ಪಾಸಾಯಿತು ಎಂದು ಗೊತ್ತಾಯಿತು.

ರೇಣುಕಾ ಒಳಗೆ ಬಂದಳು. "ಎಸಿ ಪಾಸಾತ್ರಿ" ಎಂದಳು.

"ಹೆಣ್ಮಕ್ಕಳು?"

"ಜಾಸ್ತಿ ಮಂದಿ ಎಸಿಗೇ ಎತ್ತಿದ್ರು. ಸುಮತಿ ಆಂಟಿನೂ."

ನನಗೆ ಮೈಯೆಲ್ಲ ಉರಿಯಿತು. ಇಷ್ಟೆಲ್ಲ ಮಾಡಿ ಅವರನ್ನು ಕರೆತಂದದ್ದು ಇದಕ್ಕಾ ಎಂದು ಕೂಗಾಡಿದೆ. ಅವರು ಒಳಗೇ ಇದ್ದಿದ್ದರೆ ಒಳ್ಳೆಯದಿತ್ತು ಎಂಬ ಮಾತು ನನ್ನ ಬಾಯಿಂದಲೇ ಬಂತು. ಹೌದು, ನನ್ನ ಬಾಯಿಂದಲೇ.

ರೇಣುಕಾ ನನ್ನನ್ನೇ ನೋಡಿದಳು. ಕಣ್ಣಲ್ಲಿ ನೀರಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು. "ಆಂಟಿಗಳನ್ನ ಕರೀರಿ ಅಂತ ನೀವು ಕಲಿಸಿದ್ರಿ, ಕರೆದೆ. ನಮಗs ಹಾಕ್ತಾರ ಅಂತ ನೀವೇನೂ ಹೇಳಿರಲಿಲ್ಲ ಅಕ್ಕೋರ."

ಅಷ್ಟರಲ್ಲಿ ಸುಮತಿಯಕ್ಕ ಬಾಗಿಲಿಗೆ ಬಂದರು. "ಮೇಡಂ, ಬೇಜಾರು ಮಾಡ್ಬೇಡಿ. ಮದುವೆಯಾಗಿ ಬಂದಾಗಿನಿಂದ ಈ ಹಾಲಿನಲ್ಲಿ ಬೆವರು ಸುರಿಸಿದ್ದೇವೆ. ನಮಗೂ ಒಂದು ದಿನ ತಂಪಲ್ಲಿ ಕೂರುವ ಅಂತ ಇರ್ತದಲ್ಲ. ಕೈ ಎತ್ತಿದೆ. ಈಗ ಇನ್ನೊಂದು ಉಂಟು, ಅದು ನಂದೇ. ಸ್ವಲ್ಪ ಎಣ್ಣೆ ನೋಡಿಕೊಳ್ಳಿ." ರೇಣುಕಾಳ ಕೈ ಹಿಡಿದುಕೊಂಡು ಮತ್ತೆ ಹೊರಗೆ ಹೋದರು.

ಹೊರಗಿನಿಂದ ಅವರ ದನಿ ಕೇಳಿಸಿತು, ಮೈಕಿಲ್ಲದೆಯೇ. "ಮದುವೆ, ಪಾರ್ಟಿ ಎಲ್ಲ ಶನಿವಾರ, ಆದಿತ್ಯವಾರ. ಸೋಮವಾರ ಇಲ್ಲಿ ಯಾರು ಎಸಿ ಹಾಕಿ ಕೂರ್ತಾರೆ? ಆ ದಿನ ಬೀಗ ಯಾಕೆ? ಮಕ್ಕಳು ಓದಲಿ. ಇದಕ್ಕೂ ಓಟು ಮಾಡಿ."

"ಸಭೆ ಮುಗಿದಿದೆ ಅಲ್ವಾ" ಎಂದರು ಭುಜಂಗಣ್ಣ, ತಮ್ಮ ಮೃದುವಾದ ದನಿಯಲ್ಲಿ. "ಚಾ ತಣಿತದೆ."

"ಚಾ ಮಾಡಿದವರು ಇಲ್ಲಿ ಇದ್ದೇವೆ. ತಣಿಲಿಕ್ಕೆ ಅಲ್ಲಿ ಚಾವೇ ಇಲ್ಲ."

ಮತ್ತೆ ಕೈ ಎತ್ತುವ ಆ ಸದ್ದಿಲ್ಲದ ಹೊತ್ತು. ನಾನು ಬಾಗಿಲ ಕಡೆಯೇ ನೋಡುತ್ತಿದ್ದೆ. ಬಾಣಲೆಯ ನೆನಪಾದದ್ದು ಹೊಗೆ ಎದ್ದಾಗ.

ಈ ಸಲ ರೇಣುಕಾ ಓಡಿ ಬಂದಳು. "ಸೋಮವಾರದಿಂದ ಶುಕ್ರವಾರ ನಮ್ದು ಅಕ್ಕೋರ! ಶನಿವಾರ, ರವಿವಾರ ಎಸಿದು" ಎಂದು ನನ್ನನ್ನು ತಬ್ಬಿದಳು. ಅವಳ ತಾಯಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ರೇಣುಕಾ ಬಾಣಲೆಗೆ ಇಣುಕಿ "ಇವು ಸುಟ್ಟಾವಲ್ರಿ" ಎಂದಳು.

ಬೇರೇನೂ ಇರಲಿಲ್ಲ, ಅವನ್ನೇ ಕೊಟ್ಟೆವು. ಹೊರಗೆ ಕರಕಲು, ಒಳಗೆ ಹಸಿ, ಎಲ್ಲಕ್ಕೂ ಬಾಲ. ಅಷ್ಟೊಂದು ಹೋಟೆಲುಗಳ ಯಜಮಾನರು ಅದನ್ನು ಮಾತಾಡದೆ ತಿಂದರು. ಭುಜಂಗಣ್ಣ ಒಂದನ್ನು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಆಮೇಲೆ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದರು.

"ಮುಂದಿನ ಸಲ ನೀವು ಕರಿಯುದು ಬೇಡ ಮೇಡಂ. ನಾನೇ ಕರಿತೇನೆ."

"ಕರೀರಿ. ಅವಾಗ ನಿಮ್ಮ ಓಟು?"

ಅವರು ಅಡುಗೆಮನೆಯ ಬಾಗಿಲನ್ನು ನೋಡಿದರು, ಕುರ್ಚಿಗಳನ್ನು ನೋಡಿದರು. ಇಷ್ಟು ವರ್ಷ ಆ ಎರಡರ ನಡುವೆ ಎಷ್ಟು ದೂರವಿದೆ ಎಂದು ಅಳೆದವರಲ್ಲ.

"ಹೌದಲ್ಲ" ಎಂದರು. "ಹಾಗಾದ್ರೆ ಮೊದಲು ಎಲ್ಲರೂ ಚಾ ಕುಡಿದು, ಆಮೇಲೆ ಓಟು ಮಾಡುವ."